ನೀರಿನ ವಯಸ್ಸಿನ ನಕ್ಷೆ

2023ರ ಮಾರ್ಚ್ 14, ಮಂಗಳವಾರ, ಸಂಜೆ ಏಳು ಗಂಟೆಗೆ ನಮ್ಮ ಊರು ವಿನ್ನಬಾಲೆಯ ಸಭಾಭವನದಲ್ಲಿ, ಮನೆಗಳಿಗೆ ನೀರು ಪೂರೈಸುವ ನಮ್ಮ ನೀರಿನ ಸಂಘದ ವಾರ್ಷಿಕ ಸಭೆ ಶುರುವಾಯಿತು. ಬೇರೆ ವರ್ಷಗಳಲ್ಲಿ ಹದಿನೈದು ಜನ ಸೇರಿದರೆ ಹೆಚ್ಚು, ಅವರಲ್ಲೂ ಅರ್ಧ ಜನ ಕೇಕಿಗಾಗಿ ಬಂದವರು. ಈ ಸಲ ಪಕ್ಕದ ಕೋಣೆಯಿಂದ ಕುರ್ಚಿ ಹೊತ್ತು ತರಬೇಕಾಯಿತು.

ಕಾರಣ ಎಲ್ಲರಿಗೂ ಗೊತ್ತಿತ್ತು. ನಮ್ಮ ಬೋರಿನ ನೀರಿನಲ್ಲಿ, ಹಿಂದೊಮ್ಮೆ ಬೀಟ್‌ಗೆಡ್ಡೆ ಹೊಲಗಳಿಗೆ ಹೊಡೆಯುತ್ತಿದ್ದ ಕಳೆನಾಶಕದ ಉಳಿಕೆ ಸಿಕ್ಕಿತ್ತು. ಲೀಟರಿಗೆ 0.1 ಮೈಕ್ರೋಗ್ರಾಮ್ ಮೀರಬಾರದು ಎಂಬುದು ಕಾನೂನು, ನಮ್ಮದು 0.23. ಅಕ್ಟೋಬರ್ ಕೊನೆಯೊಳಗೆ ಶುದ್ಧ ನೀರು ತೋರಿಸಿ, ಇಲ್ಲವೇ ಪಟ್ಟಣದ ಕೊಳವೆಗೆ ಸೇರಿ ಎಂದು ಮುನಿಸಿಪಾಲಿಟಿ ಹೇಳಿತ್ತು. ಸಂಘದ ಕೈಯಲ್ಲಿ ಒಂದೇ ಒಂದು ಹೊಸ ಬೋರು ಕೊರೆಸುವಷ್ಟು ಶಕ್ತಿ ಇತ್ತು. ಅದು ಕೆಟ್ಟರೆ ಚರ್ಚಿನ ಹಿಂದಿನ ಕೆಂಪು ಇಟ್ಟಿಗೆಯ ಪಂಪ್‌ಮನೆಗೆ ಬೀಗ.

ಆ ಬೀಗ ಎಲ್ಲರಿಗಿಂತ ಹೆಚ್ಚಾಗಿ ವಿಲ್ಲಾಸನ ಎದೆಯ ಮೇಲೆ ಬೀಳುವಂಥದ್ದು. ಅವನು ಸಂಘದ ಅಧ್ಯಕ್ಷ. ಪಂಪ್‌ಮನೆ ಕಟ್ಟಿದವರಲ್ಲಿ ಅವನ ಅಜ್ಜನೂ ಒಬ್ಬ. ಕ್ರಿಸ್ಮಸ್ ಊಟದ ನಡುವೆ ಎದ್ದು ಹೋಗಿ ವಾಲ್ವ್ ತಿರುಗಿಸಿ ಬರುವ ಮನುಷ್ಯ ಅವನು. ಪಟ್ಟಣದ ನೀರಿನಲ್ಲಿ ಮಾಡಿದ ಕಾಫಿಯನ್ನು ಅವನು ಇಂದಿಗೂ ಅರ್ಧ ಕುಡಿದು ಇಟ್ಟುಬಿಡುತ್ತಾನೆ.

ವಿಲ್ಲಾಸ್ ಗಂಟಲು ಸರಿಮಾಡಿಕೊಂಡು ಹೇಳಿದ: "ಸಲಹೆಗಾರರ ವರದಿ ಬಂದಿದೆ. ಕಾಡಿನ ಕೆಳಗಿನ ನೀರೇ ಶುದ್ಧ ಅಂತ ಅವರ ಮಾತು. ಇಲ್ಲಿಂದ ಮುನ್ನೂರು ಮೀಟರ್‌ನಲ್ಲೇ ಕಾಡಿದೆ. ನಮ್ಮ ಥೀರಾ ಅತ್ತೆ ಜಾಗಾನ ಸುಮ್ನೆ ಕೊಡ್ತೀನಿ ಅಂದಿದ್ದಾರೆ."

ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ಸೋದರತ್ತೆ ಥೀರಾ ಕೋಲನ್ನು ನೆಲಕ್ಕೆ ಕುಟ್ಟಿದರು. "ಸುಮ್ನೆ ಅಲ್ಲ ಕಣೋ. ನಾನು ಸಾಯೋವರೆಗೂ ನೀರಿನ ಬಿಲ್ ಕಳಿಸಬಾರದು."

"ನೀವು ಸಾಯೋ ಲಕ್ಷಣ ಕಾಣ್ತಿಲ್ವಲ್ಲ ಅತ್ತೆ, ಸಂಘ ದಿವಾಳಿ ಆಗುತ್ತೆ!"

ಎಲ್ಲರೂ ನಕ್ಕರು. ಆ ಕಾಡನ್ನು ಊರಿನವರೆಲ್ಲ ಪ್ರೀತಿಸುತ್ತಿದ್ದರು. ಪ್ರತಿ ಡಿಸೆಂಬರಿನ ಎರಡನೇ ಭಾನುವಾರ ಎಲ್ಲರೂ ಅಲ್ಲಿಗೆ ಹೋಗಿ ತಮ್ಮ ತಮ್ಮ ಮನೆಯ ಕ್ರಿಸ್ಮಸ್ ಮರವನ್ನು ತಾವೇ ಕಡಿದು ತರುತ್ತಾರೆ. ಥೀರಾ ಬಿಸಿ ವೈನು, ಗುಂಡು ಪ್ಯಾನ್‌ಕೇಕು ಹಂಚುತ್ತಾರೆ. ಮರಗಳ ಸಾಲಿನಲ್ಲಿ ಕಪ್ಪು ಮುಖದ ಕುರಿಗಳು ಓಡಾಡುತ್ತಿರುತ್ತವೆ. ಅಂಥ ಜಾಗದ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತದೆ?

ನಾನು ಕೈ ಎತ್ತಿದೆ. "ಮತ ಹಾಕೋ ಮುಂಚೆ ಎರಡು ವಾರ ಕೊಡಿ. ನಾನು ನಕ್ಷೆ ನೋಡಬೇಕು."

"ಯಾವ ನಕ್ಷೆ ರಾಗ್ನ್‌ಹಿಲ್ಡ್? ವರದಿಯಲ್ಲೇ ಇದೆಯಲ್ಲ, ಬಣ್ಣಬಣ್ಣದ್ದು."

"ಅದು ಈ ವರ್ಷದ್ದು. ನನಗೆ ಹಳೇದು ಬೇಕು."

"ಬಂತು ನೋಡಿ," ಎಂದ ವಿಲ್ಲಾಸ್ ಸಭೆಯತ್ತ ತಿರುಗಿ. "ಟೀಚರಮ್ಮ ಹೋಮ್‌ವರ್ಕ್ ಕೊಡ್ತಿದ್ದಾರೆ."

ನಾನು ಭೂವಿಜ್ಞಾನ ಓದಿದವಳು, ಪಕ್ಕದ ಪಟ್ಟಣದ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಆ ಕೋಣೆಯಲ್ಲಿದ್ದವರಲ್ಲಿ ಕಾಲು ಭಾಗ ನನ್ನ ಹಳೆಯ ವಿದ್ಯಾರ್ಥಿಗಳು. ಗೊಣಗಿಕೊಂಡೇ ಅವರು ಎರಡು ವಾರ ಕೊಟ್ಟರು.

* * *

ನಮ್ಮ ಊಟದ ಮೇಜು ಉದ್ದವಾಗಿದೆ. ಅದರ ಮೇಲೆ ಆರು ಹಾಳೆಗಳನ್ನು ಎಡದಿಂದ ಬಲಕ್ಕೆ ಹಾಸಿದೆ: 1874, 1911, 1954, 1977, 1983, 1992. ಎಲ್ಲವೂ ಇದೇ ಊರಿನವು.

ಮೊದಲನೆಯ ಹಾಳೆ ಕೈಯಲ್ಲಿ ಬಣ್ಣ ತುಂಬಿದ್ದು. ಮೋಜಣಿದಾರ ಮೂರು ಕಾಲಿನ ಮೇಲೆ ಹಲಗೆ ನಿಲ್ಲಿಸಿ, ಕಣ್ಣಿಗೆ ಕಂಡದ್ದನ್ನು ಅಲ್ಲೇ ನಿಂತು ಬರೆದ ಕಾಲ ಅದು. ಹುಲ್ಲುಗಾವಲಿಗೆ ಹಸಿರು, ಜೌಗಿಗೆ ನೀಲಿ ಗೆರೆ, ಹೀದರ್ ಕುರುಚಲು ತುಂಬಿದ ಬೀಳುನೆಲಕ್ಕೆ ಮಾಸಲು ಕಂದು. ಎತ್ತರದ ಐದೈದು ಅಡಿಗೆ ಒಂದರಂತೆ ಎಳೆದ ಸಮೋನ್ನತಿ ರೇಖೆಗಳು ಕೂದಲೆಳೆಯಷ್ಟು ತೆಳ್ಳಗೆ ಗುಡ್ಡಗಳನ್ನು ಸುತ್ತಿಕೊಂಡಿವೆ. ಹಾಳೆಯ ಪೂರ್ವದ ಅರ್ಧವೆಲ್ಲ ಕಂದು. ಊರು ಒಂದು ಚರ್ಚು, ಒಂಬತ್ತು ಮನೆ.

ಇಂಥ ನಕ್ಷೆ ನೋಡುವವರು ಸಾಮಾನ್ಯವಾಗಿ ತಮ್ಮ ಮನೆ ಎಲ್ಲಿದೆ ಎಂದು ಹುಡುಕಿ, ಖುಷಿಪಟ್ಟು, ಮಡಿಸಿಡುತ್ತಾರೆ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಬೇರೆ: ಮೊದಲು ಪ್ರಶ್ನೆ ಏನು ಎಂದು ಬರೆದುಕೊಳ್ಳಿ, ಆಮೇಲೆ ಆ ಪ್ರಶ್ನೆಗೆ ಯಾವ ವರ್ಷದ ಹಾಳೆ ಉತ್ತರ ಕೊಡಬಲ್ಲದು ಎಂದು ಕೇಳಿಕೊಳ್ಳಿ.

ನಮ್ಮ ಪ್ರಶ್ನೆ ನೀರಿನದು. ಸಲಹೆಗಾರರು ನಮ್ಮ ಬೋರಿನ ನೀರಿನ ವಯಸ್ಸನ್ನು ಅಳೆಸಿ ವರದಿಯ ಕೊನೆಯ ಪುಟದಲ್ಲಿ ಹಾಕಿದ್ದರು: ಸುಮಾರು ನಲವತ್ತು ವರ್ಷ. ಅಂದರೆ ಇಂದು ನನ್ನ ನಲ್ಲಿಯಲ್ಲಿ ಬರುವ ನೀರು 1983ರ ಸುಮಾರಿಗೆ ಮಳೆಯಾಗಿ ಬಿದ್ದು, ಮರಳಿನ ಪದರಗಳಲ್ಲಿ ಇಷ್ಟಿಷ್ಟೇ ಇಳಿದು ಬಂದದ್ದು. ಅದು ನೆಲಕ್ಕೆ ಬಿದ್ದ ಗಳಿಗೆಯಲ್ಲಿ ಆ ನೆಲದ ಮೇಲೆ ಏನು ಬೆಳೆದಿತ್ತು ಎಂಬುದೇ ಮುಖ್ಯ. ಇಂದಿನ ನಕ್ಷೆಯಲ್ಲಿ ಇಂದು ಏನಿದೆಯೆಂದು ನೋಡಿದರೆ, ನಮ್ಮ ಮೊಮ್ಮಕ್ಕಳು ಕುಡಿಯುವ ನೀರಿನ ಬಗ್ಗೆ ತಿಳಿಯಬಹುದು. ನಮ್ಮದರ ಬಗ್ಗೆ ಅಲ್ಲ. ವಯಸ್ಸು ಕೊನೆಯ ಪುಟದಲ್ಲೂ ಕಾಡು ಮೊದಲ ಪುಟದಲ್ಲೂ ಇದ್ದುದರಿಂದ, ಬರೆದವರು ಎರಡನ್ನೂ ಜೋಡಿಸಿ ನೋಡಿರಲಿಲ್ಲ.

ಭೂತಗನ್ನಡಿ ಹಿಡಿದು ಥೀರಾ ಅವರ ಕಾಡನ್ನು ಹಾಳೆಯಿಂದ ಹಾಳೆಗೆ ಹಿಂಬಾಲಿಸಿದೆ. 1874ರಲ್ಲಿ ಬೀಳು. 1911ರಲ್ಲಿ ಹೊಲ. 1954ರಲ್ಲೂ ಹೊಲ. 1977ರಲ್ಲಿ ಸೂಜಿ ಎಲೆ ಮರದ ಗುರುತು, ಪುಟ್ಟ ಚೂಪು ನಕ್ಷತ್ರಗಳು. ಇಲ್ಲಿಗೆ ನಿಲ್ಲಿಸಿದರೆ ವರದಿಯೇ ಸರಿ ಎನಿಸುತ್ತದೆ. ಆದರೆ 1983ರಲ್ಲಿ ಅದೇ ಚೌಕ ಖಾಲಿ, ಬಿಳಿ. 1992ರಲ್ಲಿ ಮತ್ತೆ ನಕ್ಷತ್ರಗಳು.

ನಮ್ಮ ದೇಶದಲ್ಲಿ ಕಾಡನ್ನು ಕಡಿದರೆ ಅಲ್ಲೇ ಮತ್ತೆ ಕಾಡು ನೆಡಬೇಕು, ಮತ್ತು ಮರ ಮರವಾಗಲು ಅರವತ್ತು ವರ್ಷ ಬೇಕು. ಹತ್ತು ವರ್ಷಕ್ಕೊಮ್ಮೆ ಎದ್ದು ಮಲಗುವ ಮರಗಳು ಒಂದೇ ಜಾತಿಯವು: ತಲೆಯ ಮೇಲೆ ನಕ್ಷತ್ರ, ಕೊಂಬೆಯಲ್ಲಿ ಮೋಂಬತ್ತಿ ಹೊತ್ತು ಮನೆಗಳಿಗೆ ಹೋಗುವಂಥವು. ನಕ್ಷೆ ಬರೆದವನಿಗೆ ಅವಕ್ಕೆ ಬೇರೆ ಗುರುತು ಇರಲಿಲ್ಲ. ಸೂಜಿ ಎಲೆ ಕಂಡ, ನಕ್ಷತ್ರ ಹಾಕಿದ. ಊರಿನವರಾದ ನಮಗೆ ಅಷ್ಟೂ ನೆಪವಿಲ್ಲ. ಅಲ್ಲಿ ಏನು ಬೆಳೆಯುತ್ತದೆಂದು ಪ್ರತಿ ಡಿಸೆಂಬರ್ ಗರಗಸ ಹಿಡಿದು ಹೋಗುವ ನಮಗೇ ಗೊತ್ತು. ಆದರೂ ಅದನ್ನು ನಾವು ಬೆಳೆ ಎಂದು ಎಂದೂ ಎಣಿಸಿರಲಿಲ್ಲ. ಅದು ನಮಗೆ ಹಬ್ಬ.

* * *

ಥೀರಾ ಅವರ ಅಡುಗೆಮನೆಯಲ್ಲಿ ಕಾಫಿ ಇಳಿಯುವವರೆಗೆ ನಾನು ವಿಷಯ ಎತ್ತಲಿಲ್ಲ.

"ಕುರಿಗಳು ಯಾವಾಗ ಬಂದ್ವು ಥೀರಾ?"

"ನನ್ನ ಗಂಡ ಕ್ರೆಸ್ಟೆನ್‌ಗೆ ಬೆನ್ನು ಹಿಡಿದ ವರ್ಷ. ತೊಂಬತ್ತೆಂಟು. ಹುಲ್ಲನ್ನ ಕುರಿ ತಿನ್ನಲಿ, ಮರ ಮುಟ್ಟಲ್ಲ ಅವು ಅಂದ. ನಿಜವಾಗ್ಲೂ ಮುಟ್ಟಲ್ಲ, ಕೊಬ್ಬು ಬಂದ ಟಗರು ಒಂದು ಬಿಟ್ಟು."

"ಅದಕ್ಕೂ ಮುಂಚೆ ಹುಲ್ಲಿಗೆ ಏನ್ಮಾಡ್ತಿದ್ರಿ?"

ಅವರು ಕಪ್ಪು ಕೆಳಗಿಟ್ಟರು. ಕಣ್ಣು ಚಿಕ್ಕದಾಯಿತು. "ನನ್ನ ಕಾಡು ಕೊಳಕು ಅಂತೀಯೇನೇ?"

"ನಿಮ್ಮ ಕಾಡು ಈಗ ಊರಿನಲ್ಲೇ ಚೊಕ್ಕ. ನಾನು ಕೇಳ್ತಿರೋದು ಎಂಬತ್ಮೂರನೇ ಇಸವಿ. ನಕ್ಷೇಲಿ ಆ ವರ್ಷ ಅಲ್ಲಿ ಒಂದು ಮರಾನೂ ಇಲ್ಲ."

"ಎಲ್ಲಿಂದ ಇರುತ್ತೆ? ಹಿಂದಿನ ಚಳಿಗಾಲಕ್ಕೆ ತಾನೇ ಅಷ್ಟೂ ಕಡಿದು ಹ್ಯಾಂಬರ್ಗಿಗೆ ಲಾರಿ ತುಂಬಿದ್ದು!" ಹೆಮ್ಮೆ ಕೋಪವನ್ನು ತಳ್ಳಿ ಮುಂದೆ ಬಂದಿತು. "ಆಮೇಲೆ ಸಸಿ ನೆಟ್ವಿ. ಮೊಣಕಾಲುದ್ದದ ಸಸಿ. ಹುಲ್ಲು ಅದನ್ನ ನುಂಗಿಬಿಡುತ್ತೆ, ಗೊತ್ತಲ್ಲ. ಕ್ರೆಸ್ಟೆನ್ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಮೇ ತಿಂಗಳೆಲ್ಲ..."

ಅಲ್ಲಿಗೆ ನಿಲ್ಲಿಸಿದರು. ಕಿಟಕಿಯಾಚೆ ಕುರಿಗಳನ್ನು ನೋಡಿದರು.

"ಕಳೆ ಔಷಧಿ ಹೊಡೀತಿದ್ದ," ಎಂದರು. "ಪ್ರತಿ ವರ್ಷ. ಆಗ ಎಲ್ರೂ ಹೊಡೀತಿದ್ರು. ನಾನು ಅವನ ಅಂಗೀನ ಬೇರೆಯಾಗಿ ಒಗೀತಿದ್ದೆ."

"ನಿಮ್ಮನ್ನ ಯಾರೂ ದೂರಲ್ಲ."

"ದೂರಿದ್ರೆ ಡಿಸೆಂಬರಲ್ಲಿ ಪ್ಯಾನ್‌ಕೇಕು ಇಲ್ಲ, ಅಷ್ಟೆ." ಅವರು ನನ್ನ ಕಪ್ಪಿಗೆ ಮತ್ತೆ ಸುರಿದರು. "ಮತ್ತೆ ವಿಲ್ಲಾಸ್‌ಗೆ ನೀರು ಎಲ್ಲಿದೆ? ಪಂಪ್‌ಮನೆ ಹೋದ್ರೆ ಆ ಹುಡುಗ ಒಣಗಿಹೋಗ್ತಾನೆ."

ಆ ಹುಡುಗನಿಗೆ ಅರವತ್ತೊಂದು.

"ಇದೆ," ಎಂದೆ. "ಪ್ಲಾಂಟೇಷನ್‌ನಲ್ಲಿ."

* * *

ಪ್ಲಾಂಟೇಷನ್ ಊರಿನ ಪೂರ್ವಕ್ಕೆ, ಪಂಪ್‌ಮನೆಯಿಂದ ಎರಡು ಕಿಲೋಮೀಟರ್. ಬೀಳಿನ ಮರಳು ಗಾಳಿಗೆ ಹಾರಿ ಹೊಲಗಳನ್ನು ಮುಚ್ಚುತ್ತಿದ್ದ ಕಾಲದಲ್ಲಿ ಊರಿನವರೇ ಪಾಲು ಹಾಕಿ ನೆಟ್ಟ ಕಾಡು ಅದು. ನೋಡಲು ಏನೇನೂ ಚೆನ್ನಾಗಿಲ್ಲ. ಕತ್ತಲೆ, ಒತ್ತೊತ್ತು ಮರ, ನಡುವೆ ಜೇಡರ ಬಲೆ. ಅಲ್ಲಿ ಯಾವ ಹಬ್ಬವೂ ನಡೆಯುವುದಿಲ್ಲ.

ನಾನು ವಿಲ್ಲಾಸನನ್ನು ಶನಿವಾರ ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಹೋದೆ. ಅವನು ದಾರಿಯುದ್ದಕ್ಕೂ ಕೊಳವೆಯ ಉದ್ದ ಎಣಿಸುತ್ತ ಬಂದ.

"ಎರಡು ಕಿಲೋಮೀಟರ್ ಅಗೀಬೇಕು ಟೀಚರಮ್ಮ. ಯಾರು ಅಗೀತಾರೆ, ನಿನ್ನ ನಕ್ಷೆನಾ?"

"ನಿನ್ನ ಹತ್ರ ಅಗೆಯೋ ಯಂತ್ರ ಇದೆ. ಊರಲ್ಲಿ ಇನ್ನೂ ಮೂರಿವೆ."

"ಇದೆ ಅಂತ ಹೇಳಿದ್ನಾ ನಾನು?"

ಜೀಪಿನ ಬಾನೆಟ್ ಮೇಲೆ ಹಾಳೆಗಳನ್ನು ಹರಡಿ, ಗಾಳಿಗೆ ಹಾರದಂತೆ ಅವನ ಎರಡು ಕೈಗಳನ್ನೇ ತೂಕಕ್ಕೆ ಇಟ್ಟೆ. "ನೋಡು. ಎಪ್ಪತ್ನಾಲ್ಕರಲ್ಲಿ, ಅಂದ್ರೆ ಹದಿನೆಂಟುನೂರ ಎಪ್ಪತ್ನಾಲ್ಕು, ಇದು ಬೀಳು. ಹನ್ನೊಂದರಲ್ಲಿ ಕಾಡು. ಐವತ್ನಾಲ್ಕರಲ್ಲಿ ಕಾಡು. ಎಪ್ಪತ್ತೇಳು, ಎಂಬತ್ಮೂರು, ತೊಂಬತ್ತೆರಡು, ಎಲ್ಲದರಲ್ಲೂ ಅದೇ ಅಂಚು, ಅದೇ ಮೂಲೆ. ಬೀಳಿನಿಂದ ನೇರವಾಗಿ ಕಾಡು. ನಡುವೆ ಒಂದು ದಿನವೂ ಹೊಲ ಆಗಿಲ್ಲ. ಮರ ಇಷ್ಟು ಒತ್ತಾಗಿದ್ರೆ ಕೆಳಗೆ ಕಳೆ ಬರಲ್ಲ, ಕಳೆ ಬರದಿದ್ರೆ ಔಷಧಿ ಯಾರೂ ಹೊಡೆಯಲ್ಲ."

"ಇಲ್ಲಿ ಸರಿ. ನೀರು ಬೇರೆ ಕಡೆಯಿಂದ ಹರಿದು ಬರುತ್ತಲ್ಲ?"

ಒಳ್ಳೆಯ ಪ್ರಶ್ನೆ. ಕಾಲೇಜಿನಲ್ಲಿ ಯಾರಾದರೂ ಹೀಗೆ ಕೇಳಿದರೆ ನನಗೆ ಆ ದಿನ ಸಾರ್ಥಕ. ನಾನು ರೇಖೆಗಳ ಮೇಲೆ ಬೆರಳಾಡಿಸಿದೆ. "ಇಳಿಜಾರು ಪೂರ್ವದಿಂದ ಪಶ್ಚಿಮಕ್ಕೆ. ಪಶ್ಚಿಮದ ಹುಲ್ಲುಗಾವಲಿನ ಅಂಚಿನಲ್ಲಿ ಒರತೆಗಳ ಗುರುತು ಸಾಲಾಗಿದೆ ನೋಡು, ನೆಲದ ಕೆಳಗಿನ ನೀರು ಆ ಕಡೆಗೇ ಹೋಗಿ ಹೊರಗೆ ಬರುತ್ತೆ. ಅಂದ್ರೆ ಈ ಕಾಡೊಳಗೆ ನಾವು ಕೊರೆಸೋ ಬೋರಿಗೆ ಬರೋದು ಪೂರ್ವದಿಂದ. ಪೂರ್ವಕ್ಕೆ ಏನಿದೆ?"

ಅವನು ಬಗ್ಗಿ ನೋಡಿದ. "ಹಳೇ ಸಮಾಧಿ ದಿಬ್ಬಗಳು. ಮೂರು."

"ಅವುಗಳ ಸುತ್ತ ಇವತ್ತಿಗೂ ಬೀಳು. ಕಾನೂನು ಅಲ್ಲಿ ನೇಗಿಲು ಬಿಟ್ಟಿಲ್ಲ. ದಿಬ್ಬಗಳು ನಿಂತಿರೋದೇ ಗುಡ್ಡದ ನೆತ್ತಿ ಮೇಲೆ, ಅದರಾಚೆಯ ನೀರು ಇತ್ತ ಬರಲ್ಲ."

ವಿಲ್ಲಾಸ್ ತನ್ನ ದಪ್ಪ ಬೆರಳನ್ನು 1983ರ ಹಾಳೆಯಲ್ಲಿ ಕಾಡಿನ ನಟ್ಟನಡುವೆ ಊರಿದ. ಅಲ್ಲಿ ಉಗುರಿನಷ್ಟು ಬಿಳಿ ಮಚ್ಚೆ. "ಇದೇನು? ಇಲ್ಲಿ ನಕ್ಷತ್ರ ಇಲ್ಲ. ಪ್ಲಾಂಟೇಷನ್‌ನೋರು ಸಸಿಮಡಿ ಇಟ್ಕೊಂಡಿದ್ರು ಅಂತ ನಮ್ಮಪ್ಪ ಹೇಳ್ತಿದ್ದ. ಸಸಿಮಡಿ ಅಂದ್ರೆ ಡಬ್ಬಿಗಟ್ಟಲೆ ಔಷಧಿ ಕಣೇ."

ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಒಂದೇ ತೂತು ಕೊರೆಯಬಹುದಾದ ಮನುಷ್ಯನ ದನಿ ಅದು.

"ಸಸಿಮಡಿ ಇತ್ತು. ಇಲ್ಲಿ," ಎಂದು ಪಶ್ಚಿಮದ ಅಂಚಿನಲ್ಲಿ ಕಾವಲುಗಾರನ ಮನೆಯ ಪಕ್ಕದ ತೋಟದ ಗುರುತು ತೋರಿಸಿದೆ. "ರಸ್ತೆ ಪಕ್ಕ, ಸಮನೆಲ, ಬಾವಿ. ಸಸಿಮಡಿಗೆ ಬೇಕಾದ್ದೆಲ್ಲ ಅಲ್ಲಿದೆ. ಅದು ಬೋರಿಗಿಂತ ಕೆಳಗೆ, ಅಲ್ಲಿನ ನೀರು ಹಿಂದಕ್ಕೆ ಹತ್ತಿ ಬರಲ್ಲ. ಈ ಮಚ್ಚೆಗೆ ದಾರಿಯೂ ಇಲ್ಲ. ಈಗ ಹದಿನೆಂಟುನೂರ ಎಪ್ಪತ್ನಾಲ್ಕರ ಹಾಳೆ ನೋಡು, ಅದೇ ಜಾಗ."

ಅಲ್ಲಿ ಒಂದು ಸಮೋನ್ನತಿ ರೇಖೆ ಪುಟ್ಟ ಉಂಗುರವಾಗಿ ಮುಚ್ಚಿಕೊಂಡಿತ್ತು. ಉಂಗುರದಿಂದ ಒಳಮುಖವಾಗಿ ಸಣ್ಣ ಸಣ್ಣ ಹಲ್ಲುಗಳು. ಗುಡ್ಡವಲ್ಲ, ಗುಳಿ ಎಂದು ಹೇಳುವ ಹಲ್ಲುಗಳು. ಒಳಗೆ ಎರಡು ನೀಲಿ ಗೆರೆ.

"ಹಿಮಗಾಲದಲ್ಲಿ ಮರಳಿನೊಳಗೆ ಹೂತಿದ್ದ ಮಂಜುಗಡ್ಡೆ ಕರಗಿ ಆದ ಕುಳಿ ಇದು. ತಳದಲ್ಲಿ ಜೌಗು. ಮರ ನೆಡೋಕೆ ಆಗಲ್ಲ, ಅದಕ್ಕೇ ನಕ್ಷತ್ರ ಇಲ್ಲ. ಆಮೇಲಿನ ನಕ್ಷೆಯವರಿಗೆ ನೀಲಿ ಹಾಕೋಕೆ ಅದು ತೀರ ಚಿಕ್ಕದು, ಸುಮ್ಮನೆ ಬಿಳಿ ಬಿಟ್ಟರು."

"ಇಷ್ಟು ಖಾತ್ರಿಯಾಗಿ ಹೇಳ್ತೀಯಲ್ಲ! ಎಂದಾದ್ರೂ ನೋಡಿದ್ದೀಯಾ?"

"ಇಲ್ಲ. ಬಾ, ನೋಡೋಣ."

ದಾರಿಯಿಲ್ಲದ ಕಾಡಿನಲ್ಲಿ ದಿಕ್ಸೂಚಿ ಹಿಡಿದು ನಡೆದೆವು. ಒಣ ಕೊಂಬೆಗಳು ಮುಖಕ್ಕೆ ಬಡಿಯುತ್ತಿದ್ದವು. ವಿಲ್ಲಾಸ್ ಹಿಂದಿನಿಂದ ನನ್ನನ್ನೂ ನನ್ನ ಕಾಲೇಜನ್ನೂ ನಕ್ಷೆ ಬರೆದವನ ವಂಶವನ್ನೂ ಒಂದೊಂದಾಗಿ ಬೈದ. ಇದ್ದಕ್ಕಿದ್ದಂತೆ ಮರಗಳು ಮುಗಿದವು. ಎದುರಿಗೆ ಬೆಳಕು, ಕೆಳಗೆ ಬೋಗುಣಿಯಂಥ ಇಳಿಜಾರು, ತಳದಲ್ಲಿ ನೋಡಿದರೆ ಹುಲ್ಲುಹಾಸಿನಂತೆ ಕಾಣುವ ತಿಳಿಹಸಿರು ಪಾಚಿ.

"ಸಮನೆಲ!" ಎಂದು ಕೂಗಿದ ವಿಲ್ಲಾಸ್. "ಇದು ಸಸಿಮಡಿ ಅಲ್ದೆ ಇನ್ನೇನು!" ಎನ್ನುತ್ತ ನನ್ನನ್ನು ದಾಟಿ ಕೆಳಗಿಳಿದ. ನಾನು ಹೆಸರು ಹಿಡಿದು ಕೂಗುವಷ್ಟರಲ್ಲಿ ತೊಡೆಯವರೆಗೆ ಹೂತು ಹೋಗಿದ್ದ.

ಎಳೆದು ಮೇಲೆ ತಂದಾಗ ಅವನ ಒಂದು ಬೂಟು ಒಳಗೇ ಉಳಿದಿತ್ತು. ಅವನು ಮರದ ಬೊಡ್ಡೆಯ ಮೇಲೆ ಕೂತು ಕಾಲುಚೀಲ ಹಿಂಡಿದ. ಕಂದು ನೀರು ಸುರಿಯಿತು.

"ಸರಿ," ಎಂದ ಕೊನೆಗೆ. "ಸಸಿಮಡಿ ಅಲ್ಲ."

* * *

ಎರಡನೇ ಸಭೆಗೆ ಮೊದಲನೆಯದಕ್ಕಿಂತ ಹೆಚ್ಚು ಜನ ಬಂದರು. ಆರು ಹಾಳೆಗಳನ್ನೂ ಗೋಡೆಗೆ ಅಂಟಿಸಿ, ಮರ ಎದ್ದು ಮಲಗುವುದನ್ನು ತೋರಿಸಿದೆ. ಹಿಂದಿನಿಂದ ಒಬ್ಬರು, "ಹಾಗಾದ್ರೆ ಈ ಡಿಸೆಂಬರಲ್ಲಿ ಮರ ಎಲ್ಲಿಂದ ತರೋದು?" ಎಂದು ಕೇಳಿದರು.

"ನನ್ನ ಹತ್ರದಿಂದಾನೇ," ಎಂದು ಥೀರಾ ಕೂತಲ್ಲಿಂದಲೇ ಗದರಿದರು. "ಮರ ತಿನ್ನೋಕಲ್ಲ, ಕುಡಿಯೋಕಲ್ಲ. ಕ್ರೆಸ್ಟೆನ್ ಹೊಡೀತಿದ್ದ ಅಂತ ನಾನೇ ಹೇಳ್ತಿದ್ದೀನಿ. ಮುಂದಕ್ಕೆ ಹೋಗಿ." ಆಮೇಲೆ ವಿಲ್ಲಾಸನ ಹೊಸ ಬೂಟುಗಳನ್ನು ನೋಡಿ, "ಆ ಕುಳಿಯ ಐಸ್ ಮೇಲೆ ನಾವು ಚಿಕ್ಕವರಿದ್ದಾಗ ಸ್ಕೇಟಿಂಗ್ ಮಾಡ್ತಿದ್ವಿ ಕಣೋ. ನನ್ನನ್ನ ಕೇಳಿದ್ರೆ ಒಂದು ಕಪ್ ಕಾಫಿಗೆ ಹೇಳ್ತಿದ್ದೆ" ಎಂದರು.

ನಗು ನಿಂತ ಮೇಲೆ ಕೊಳವೆಯ ಉದ್ದದ ಮಾತು ಬಂತು. ಅಷ್ಟು ದೂರ ಅಗೆದ ಮೇಲೆ ನೀರು ಕೆಟ್ಟದ್ದಿದ್ದರೆ? ಎಲ್ಲರೂ ನನ್ನ ಕಡೆ ನೋಡಿದರು. ಉತ್ತರ ಕೊಟ್ಟವನು ವಿಲ್ಲಾಸ್.

"ಮೊದಲು ಕೊರೀತೀವಿ, ನೀರು ಪರೀಕ್ಷೆಗೆ ಕಳಿಸ್ತೀವಿ, ಚೆನ್ನಾಗಿದ್ರೆ ಮಾತ್ರ ಅಗೀತೀವಿ. ಕೆಟ್ಟರೆ ಪಂಪ್‌ಮನೆ ಬೀಗ ನಾನೇ ಹಾಕಿ ಕೀಲಿಕೈ ಮುನಿಸಿಪಾಲಿಟಿಗೆ ಕೊಟ್ಟು ಬರ್ತೀನಿ. ಯಾರ ಮೇಲೂ ಬೆರಳು ತೋರಿಸಲ್ಲ. ನಾನು ಆ ಕುಳಿಯೊಳಗೆ ಇಳಿದು ಬಂದಿದ್ದೀನಿ. ನಕ್ಷೆ ಹೇಳಿದ ಜಾಗದಲ್ಲೇ ಇತ್ತು." ಒಂದು ಕ್ಷಣ ಬಿಟ್ಟು ಸೇರಿಸಿದ: "ಬೂಟು ಇನ್ನೂ ಅಲ್ಲೇ ಇದೆ."

ಕೈಗಳು ಎದ್ದವು. ನಾಲ್ಕು ಜನ ಬಿಟ್ಟು ಎಲ್ಲರದೂ.

ಮೇ ತಿಂಗಳಲ್ಲಿ ಎಬ್ಬೆ ಎಂಬ ಬೋರು ಕೊರೆಯುವವನು ತನ್ನ ಲಾರಿಯನ್ನು ಪ್ಲಾಂಟೇಷನ್ನಿಗೆ ಹಿಮ್ಮುಖವಾಗಿ ನುಗ್ಗಿಸಿದ. ಮೇಲೆ ಬಂದ ಮರಳನ್ನು ಪ್ರತಿ ಮೀಟರಿಗೂ ಬೊಗಸೆಯಲ್ಲಿ ಹಿಡಿದು ನೋಡಿದೆ: ಹಳದಿ, ಬೂದು, ಮತ್ತೆ ಹಳದಿ, ಆಮೇಲೆ ಒದ್ದೆ. ಎಬ್ಬೆ ಮಾತು ಕಡಿಮೆಯವನು. ನೀರು ತಿಳಿಯಾದ ಮೇಲೆ ಅಂಗೈಯಲ್ಲಿ ಹಿಡಿದು ಕುಡಿದು, "ತಣ್ಣಗಿದೆ" ಎಂದಷ್ಟೇ ಹೇಳಿದ. ತಣ್ಣಗಿರುವ ನೀರಿನಲ್ಲಿ ಏನು ಬೇಕಾದರೂ ಇರಬಹುದು. ಆ ಉಳಿಕೆಗೆ ರುಚಿಯಿಲ್ಲ, ಬಣ್ಣವಿಲ್ಲ. ಬಾಟಲಿಗಳು ಪ್ರಯೋಗಾಲಯಕ್ಕೆ ಹೋದವು.

ಆ ವಾರಗಳಲ್ಲಿ ನಾನು ಹಾಳೆಗಳನ್ನು ಮತ್ತೆ ಬಿಚ್ಚಲಿಲ್ಲ. ನೋಡಬೇಕಾದ್ದನ್ನು ನೋಡಿಯಾಗಿತ್ತು. ವಿಲ್ಲಾಸ್ ಮಾತ್ರ ದಿನವೂ ಸಂಜೆ ಪಂಪ್‌ಮನೆಯ ಬಾಗಿಲಿಗೆ ಹಸಿರು ಬಣ್ಣ ಬಳಿಯುತ್ತಿದ್ದ, ಒಣಗಿದ ಮೇಲೆ ಮತ್ತೊಂದು ಪದರ.

ಜೂನ್ ಕೊನೆಯಲ್ಲಿ ಒಂದು ಮಧ್ಯಾಹ್ನ ಅವನು ಕಾಲೇಜಿನ ಸೈಕಲ್ ನಿಲ್ದಾಣದ ಹತ್ತಿರ ನನಗಾಗಿ ಕಾದು ನಿಂತಿದ್ದ. ಕೈಯಲ್ಲಿ ಮಡಿಸಿದ ಹಾಳೆ, ಬೆರಳುಗಳಲ್ಲಿ ಹಸಿರು ಬಣ್ಣ.

"ನೀನೇ ಓದು," ಎಂದ. "ಕನ್ನಡಕ ಮನೇಲಿ ಬಿಟ್ಟು ಬಂದೆ."

ಕನ್ನಡಕ ಅವನ ಹಣೆಯ ಮೇಲಿತ್ತು. ನಾನು ಹಾಳೆ ಬಿಚ್ಚಿದೆ. ಎಡಗಡೆ ರಾಸಾಯನಿಕಗಳ ಉದ್ದುದ್ದ ಹೆಸರುಗಳು, ಬಲಗಡೆ ಅಂಕಿಗಳು. ಬೀಟ್ ಹೊಲದ ಉಳಿಕೆಯ ಸಾಲಿಗೆ ಮೊದಲು ಹೋದೆ. ಆಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದೂ ಬಿಡದೆ ಓದಿದೆ. ಎಲ್ಲ ಸಾಲಿನ ಎದುರಿಗೂ ಒಂದೇ ಮಾತಿತ್ತು, ಉಪಕರಣಕ್ಕೆ ಏನೂ ಸಿಗದಾಗ ಬರೆಯುವ ಮಾತು: ಲೀಟರಿಗೆ 0.01 ಮೈಕ್ರೋಗ್ರಾಮ್‌ಗಿಂತ ಕಡಿಮೆ.